ಮನೆಯ ಶೆಡ್ಡಿನಲ್ಲಿ ಸಣ್ಣ ರೇಸ್ ಬೈಕು: ಆರ್‌ಎಕ್ಸ್, ಸ್ಪ್ಲೆಂಡರ್, ಅಪಾಚೆ, ಆರ್15 – ಯಾವುದನ್ನು ಬಿಚ್ಚಬೇಕು?

ಮನೆಯಲ್ಲೇ ರೇಸ್ ಬೈಕು ಕಟ್ಟಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಕೊಂಡು, ಆಮೇಲೆ ಅದನ್ನು ಎಲ್ಲಿ ಓಡಿಸುವುದೆಂದು ಯೋಚಿಸುತ್ತಾರೆ. ಗುಜರಿಯಲ್ಲೊಂದು ಆರ್‌ಎಕ್ಸ್ 100 ಕಣ್ಣಿಗೆ ಬಿದ್ದ ದಿನ ವಿವೇಕ ಕೆಲಸ ಮಾಡುವುದಿಲ್ಲ, ಅದು ನನಗೂ ಗೊತ್ತು. ಆದರೂ ಎಂಜಿನ್ನಿನ ಆಯ್ಕೆ ಎರಡನೆಯದು. ಮೊದಲನೆಯದು ಓಟದ ಜಾಗ. ಇವೆರಡರ ಜೊತೆಗೆ ಅಷ್ಟಾಗಿ ಯಾರೂ ಕೇಳಿಕೊಳ್ಳದ ಇನ್ನೊಂದು ಪ್ರಶ್ನೆಯಿದೆ: ಶನಿವಾರ ಸಂಜೆ ಮುರಿದ ಭಾಗ ಭಾನುವಾರ ಬೆಳಗ್ಗೆಯೊಳಗೆ ಸಿಗುತ್ತದೆಯೇ? ಮುಂದಿನ ಹೋಲಿಕೆಗಳನ್ನೆಲ್ಲ ನಾನು ತೂಗಿರುವುದು ಈ ತಕ್ಕಡಿಯಲ್ಲಿ. ಅಶ್ವಶಕ್ತಿಯಲ್ಲಿ ತೂಗಿದ ಬರಹಗಳು ಬೇಕಾದಷ್ಟಿವೆ.

ಸಣ್ಣ ಬೈಕು ಎಂದರೆ ಇಲ್ಲಿ 100ರಿಂದ 200 ಸಿಸಿಯದು. ಟ್ರ್ಯಾಕಿಗೆಂದೇ ಕಟ್ಟುವುದು, ರಸ್ತೆಗಲ್ಲ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹಾಗಾಗಿ ಶೆಡ್ಡಿನಿಂದ ಟ್ರ್ಯಾಕಿಗೆ ಗಾಡಿ ಹೋಗುವುದು ಪಿಕಪ್ ವಾಹನದ ಮೇಲೆ. ಅದರ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಹೊರಡಿ.

ಎಲ್ಲಿ ಓಡಿಸುತ್ತೀರಿ?

ನಮ್ಮ ಕಡೆಯವರಿಗೆ ಕೈಗೆಟುಕುವ ಡಾಂಬರು ಟ್ರ್ಯಾಕುಗಳಲ್ಲಿ ಮುಖ್ಯವಾದವು ಎರಡು. ಒಂದು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಟ್ರ್ಯಾಕ್, ಸುತ್ತಳತೆ 3.7 ಕಿಲೋಮೀಟರ್. ಅದು ಬರುವ ಮುನ್ನ ದಕ್ಷಿಣದ ರೇಸುಗಳು ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದವು. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿಲೋಮೀಟರ್. ಬೆಂಗಳೂರಿನಿಂದ ಎರಡೂ ಮುನ್ನೂರು ಕಿಲೋಮೀಟರ್ ಆಚೆಯ ಊರುಗಳು. ಮೈಸೂರು, ಚಾಮರಾಜನಗರದವರಿಗೆ ಕೊಯಮತ್ತೂರು ಹತ್ತಿರ, ಆದರೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮರೆತ ಗ್ಯಾಸ್ಕೆಟ್ ತರಲು ರಾತ್ರೋರಾತ್ರಿ ಮನೆಗೆ ಹೋಗಿ ಬರುವ ಮಾತು ಅಲ್ಲಿಗೇ ಮುಗಿಯಿತು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನ ಸುತ್ತಳತೆ ಐದು ಕಿಲೋಮೀಟರಿಗೂ ಹೆಚ್ಚು. ಅದರ ಉದ್ದನೆಯ ನೇರದಾರಿಯಲ್ಲಿ 150 ಸಿಸಿ ಗಾಡಿಯ ಸವಾರ ಒಂದು ಜೋಂಪು ತೆಗೆಯಬಹುದು. ನಮ್ಮ ಲೆಕ್ಕದಿಂದ ಅದನ್ನು ಬಿಡೋಣ.

ಮದ್ರಾಸ್ ಟ್ರ್ಯಾಕಿನಲ್ಲಿ ಮೇಲಿನ ಗೇರುಗಳಲ್ಲಿ ಉಸಿರು ಹಿಡಿದು ಓಡುವ ಎಂಜಿನ್ ಬೇಕು. ಕರಿ ಟ್ರ್ಯಾಕ್ ಚಿಕ್ಕದು. ಅಲ್ಲಿ ಹಗುರವಾದ, ತಿರುವಿನಿಂದ ಚುರುಕಾಗಿ ಎದ್ದು ಹೊರಡುವ ಗಾಡಿ ಗೆಲ್ಲುತ್ತದೆ. ಗೋ-ಕಾರ್ಟ್ ಟ್ರ್ಯಾಕಿನಲ್ಲಿ ಆಡುವ ಮನಸ್ಸಿದ್ದರೆ ಇವೆರಡರ ಪಾಠವೂ ಉಪಯೋಗವಿಲ್ಲ. ಅಲ್ಲಿಗೆ ಸಣ್ಣ ಚಕ್ರ, ಗಿಡ್ಡ ಗಾಡಿ, ಎರಡನೇ ಗೇರಿನ ಬಲ ಸಾಕು. ಡ್ರ್ಯಾಗ್ ಮತ್ತು ಮಣ್ಣಿನ ಓಟಗಳು ಬೇರೆಯದೇ ಜಗತ್ತು. ಟೂ ಸ್ಟ್ರೋಕ್ ಗಾಡಿಗಳ ಹೊಗೆ ಇನ್ನೂ ಧಾರಾಳವಾಗಿ ಕಾಣುವುದು ಅಲ್ಲಿಯೇ.

ಅಧಿಕೃತ ರೇಸಿನಲ್ಲಿ ಸ್ಪರ್ಧಿಸುವ ಆಸೆಯಿದ್ದರೆ ದೇಶದ ಮೋಟಾರ್ ರೇಸುಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಆ ವರ್ಷಕ್ಕೆ ಹೊರಡಿಸಿದ ನಿಯಮಪುಸ್ತಕವನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಓದಬೇಕು. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಸಣ್ಣ ಗಾಡಿಗಳ ನಿಜವಾದ ಕಾಳಗ ನಡೆಯುವುದು 165 ಸಿಸಿ ಪ್ರೊ-ಸ್ಟಾಕ್ ವರ್ಗದಲ್ಲಿ. ಹೆಸರಿನಲ್ಲೇ ಸ್ಟಾಕ್ ಇದೆ: ಗಾಡಿಯ ಮೂಲ ಸ್ವರೂಪವನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎಂಬುದಕ್ಕೆ ಗೆರೆ ಎಳೆದಿರುತ್ತಾರೆ. ನೀವೇ ಪೈಪು ಬಗ್ಗಿಸಿ ಕಟ್ಟಿದ ಚಾಸಿಸ್ ಆ ಗೆರೆಯ ಆಚೆ ಬೀಳುತ್ತದೆ. ಅದನ್ನು ಟ್ರ್ಯಾಕ್ ದಿನಗಳಲ್ಲಿ ಸ್ವಂತ ಸಂತೋಷಕ್ಕೆ ಓಡಿಸಬಹುದು, ಅಷ್ಟೆ. ಆ ಸಂತೋಷ ಸಣ್ಣದೇನಲ್ಲ. ಆದರೆ ಯಾವುದಕ್ಕೆಂದು ಕಟ್ಟುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು.

ಆರ್‌ಎಕ್ಸ್ 100 ಮತ್ತು ಅದರ ದಾಯಾದಿಗಳು

ಮೊದಲು ಪ್ರೀತಿಯ ವಿಷಯ ಮುಗಿಸೋಣ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ಕ್ಕೆ 98 ಸಿಸಿ ಟೂ ಸ್ಟ್ರೋಕ್ ಎಂಜಿನ್, 50 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 50 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 11 ಅಶ್ವಶಕ್ತಿ, ನಾಲ್ಕು ಗೇರು, ಗಾಡಿಯ ತೂಕ ಸುಮಾರು 103 ಕೆ.ಜಿ. ಮನೆಯಲ್ಲಿ ಕಲಿಯಲು ಇಷ್ಟು ಒಳ್ಳೆಯ ಎಂಜಿನ್ ಇನ್ನೊಂದಿಲ್ಲ. ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ಡು, ಸಿಲಿಂಡರ್, ಪಿಸ್ಟನ್ ಬಿಚ್ಚಿ ಮೇಜಿನ ಮೇಲಿಡಲು ಒಂದು ಸಂಜೆ ಸಾಕು. ಸಿಲಿಂಡರಿನೊಳಗೆ ಎರಕದ ಕಬ್ಬಿಣದ ಸ್ಲೀವ್ ಇರುವುದರಿಂದ ಸವೆದರೆ ಲೇತ್ ಅಂಗಡಿಯಲ್ಲಿ ರೀಬೋರ್ ಮಾಡಿಸಿ ಮುಂದಿನ ಅಳತೆಯ ಪಿಸ್ಟನ್ ಹಾಕಬಹುದು. 0.25, 0.50, 0.75, 1.00 ಮಿ.ಮೀ. ಎಂದು ನಾಲ್ಕು ಮೆಟ್ಟಿಲು.

ತೊಂದರೆ ಇರುವುದು ಎಂಜಿನ್ನಿನಲ್ಲಲ್ಲ, ಅದರ ಬೆಲೆಯಲ್ಲಿ ಮತ್ತು ಭಾಗಗಳ ಗುಣಮಟ್ಟದಲ್ಲಿ. ಗಾಡಿ ನಿಂತುಹೋಗಿ ಮೂವತ್ತು ವರ್ಷದ ಹತ್ತಿರ ಆಯಿತು. ಈಗ ಆರ್‌ಎಕ್ಸ್ ಸಂಗ್ರಹಕಾರರ ಸ್ವತ್ತು. ದಾಖಲೆ ಸರಿಯಿರುವ ಚೆಂದದ ಗಾಡಿಯನ್ನು ಕೊಂಡು ಅದನ್ನು ಕೊಯ್ಯುವುದು ನನ್ನ ಮಟ್ಟಿಗೆ ಅಪರಾಧ. ರೇಸಿಗೆ ಬೇಕಾದುದು ಆರ್‌ಸಿ ಕಳೆದ, ಟ್ಯಾಂಕು ತುಕ್ಕು ಹಿಡಿದ, ಯಾರಿಗೂ ಬೇಡದ ಗಾಡಿ. ಅದನ್ನೂ ಯಾರದ್ದೆಂದು ಖಚಿತಪಡಿಸಿಕೊಂಡು, ಬರವಣಿಗೆಯಲ್ಲಿ ರಸೀದಿ ಪಡೆದೇ ತನ್ನಿ. ಇನ್ನು ಮಾರುಕಟ್ಟೆಯಲ್ಲಿ ಸಿಗುವ ಪಿಸ್ಟನ್, ಕ್ರ್ಯಾಂಕ್ ಕನೆಕ್ಟಿಂಗ್ ರಾಡ್, ರೀಡ್ ವಾಲ್ವುಗಳಲ್ಲಿ ಒಳ್ಳೆಯದೂ ಕೆಟ್ಟದೂ ಒಂದೇ ಬಗೆಯ ಡಬ್ಬಿಯಲ್ಲಿ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಅಂಗಡಿಗಳಲ್ಲಿ ಕೇಳಿದ್ದು ಸಿಗಬಹುದು, ಸಿಕ್ಕಿದ್ದು ಅಸಲಿ ಎಂಬ ಭರವಸೆ ಇಲ್ಲ. ವರ್ನಿಯರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ನಾಲ್ಕೇ ಗೇರು ಎಂಬುದು ಎಕ್ಸ್‌ಪಾನ್ಷನ್ ಚೇಂಬರ್, ಅಂದರೆ ಟೂ ಸ್ಟ್ರೋಕಿನ ಹೊಟ್ಟೆ ಉಬ್ಬಿದ ಸೈಲೆನ್ಸರ್ ಪೈಪು ಕಟ್ಟುವಾಗ ದೊಡ್ಡ ವಿಷಯವಾಗುತ್ತದೆ. ಲೆಕ್ಕ ಕಷ್ಟದ್ದಲ್ಲ. ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ, ಎಕ್ಸಾಸ್ಟ್ ಪೋರ್ಟ್, 180 ಡಿಗ್ರಿ ತೆರೆದಿರುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 8,500 ಸುತ್ತಿನಲ್ಲಿ ಕ್ರ್ಯಾಂಕ್ ಆ 180 ಡಿಗ್ರಿಯನ್ನು ಸುಮಾರು 3.5 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಪೈಪಿನೊಳಗಿನ ಬಿಸಿ ಅನಿಲದಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 518 ಮೀಟರ್ ಓಡುತ್ತದೆಂದು ಹಿಡಿದರೆ ಆ ಹೊತ್ತಿನಲ್ಲಿ ಅದು 1.83 ಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅದರಲ್ಲಿ ಅರ್ಧ, ಅಂದರೆ ಪಿಸ್ಟನ್ನಿನ ಮುಖದಿಂದ ಹಿಂದಿನ ಕೋನಿನವರೆಗೆ ಸುಮಾರು 91 ಸೆಂ.ಮೀ. ಹೊರಗೆ ನುಗ್ಗಲು ಹೊರಟ ತಾಜಾ ಮಿಶ್ರಣವನ್ನು ಮರಳಿದ ಅಲೆ ಪೋರ್ಟ್ ಮುಚ್ಚುವ ಕ್ಷಣದಲ್ಲಿ ಸಿಲಿಂಡರಿನೊಳಕ್ಕೆ ದೂಡುತ್ತದೆ. ಬಲ ಬರುವುದು ಅಲ್ಲಿಂದ. ಇದನ್ನೇ 10,000 ಸುತ್ತಿಗೆ ಲೆಕ್ಕ ಹಾಕಿದರೆ ಉದ್ದ 78 ಸೆಂ.ಮೀ.ಗೆ ಇಳಿಯುತ್ತದೆ.

ಅಗ್ಗದ ಚೇಂಬರುಗಳು ಮೋಸ ಮಾಡುವುದು ಇಲ್ಲಿ. ಉದ್ದ ಕಡಿಮೆ ಮಾಡಿದಷ್ಟೂ ಬಲ ಮೇಲಿನ ಸುತ್ತುಗಳಲ್ಲಿ ಒಂದು ಕಿರಿದಾದ ಪಟ್ಟಿಗೆ ಸೇರಿಕೊಳ್ಳುತ್ತದೆ. ಆರು ಗೇರಿನ ಗಾಡಿಯಾದರೆ ಆ ಪಟ್ಟಿಯೊಳಗೇ ಎಂಜಿನ್ನನ್ನು ಇಟ್ಟುಕೊಂಡು ಓಡಿಸಬಹುದು. ನಾಲ್ಕು ಗೇರಿನಲ್ಲಿ ಒಂದು ಗೇರು ಏರಿಸಿದ ಕೂಡಲೇ ಸುತ್ತು ಆ ಪಟ್ಟಿಯಿಂದ ಕೆಳಗೆ ಬಿದ್ದು ಗಾಡಿ ಕೆಮ್ಮುತ್ತಾ ನಿಲ್ಲುತ್ತದೆ. ಆದ್ದರಿಂದ ಆರ್‌ಎಕ್ಸ್ 100ಕ್ಕೆ ಉದ್ದನೆಯ ಪೈಪು, ಸಾಧುವಾದ ಪೋರ್ಟಿಂಗ್ (ಕಿಂಡಿಗಳನ್ನು ಫೈಲಿನಿಂದ ತಿದ್ದುವ ಕೆಲಸ). ಪಟ್ಟಿ ಅಗಲವಿರಲಿ, ಶಿಖರ ತುಸು ಗಿಡ್ಡವಾದರೂ ಸರಿ. ಹೆಚ್ಚು ಬೇಕೆನ್ನುವವರು ಐದು ಗೇರಿನ ಆರ್‌ಎಕ್ಸ್ 135 ಹುಡುಕಲಿ. ಅದರ ಸ್ಟ್ರೋಕ್ ಕೂಡ 50 ಮಿ.ಮೀ., ಬೋರ್ ಮಾತ್ರ 58, ಹಾಗಾಗಿ 132 ಸಿಸಿ. ಎರಡರ ನಡುವೆ ಆಯ್ಕೆ ಕೊಟ್ಟರೆ ಎರಡನೇ ಯೋಚನೆಯಿಲ್ಲದೆ ನಾನು 135ರ ಕಡೆಗೆ.

ಟೂ ಸ್ಟ್ರೋಕಿನ ಇನ್ನೊಂದು ಬಲೆ ಊರಿನ ಎತ್ತರದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಪ್ಲಗ್ಗಿನ ಬಣ್ಣ ನೋಡಿ ಚೊಕ್ಕವಾಗಿ ಹೊಂದಿಸಿದ ಕಾರ್ಬುರೇಟರನ್ನು ಹಾಗೆಯೇ ಚೆನ್ನೈಗೆ ಒಯ್ದರೆ, ಅಲ್ಲಿನ ದಟ್ಟವಾದ ಗಾಳಿಯಲ್ಲಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು, ಪಿಸ್ಟನ್ ಬಿಸಿ, ಕೊನೆಗೆ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತಿರುಪುಗಳೇ ಜೆಟ್ಟು; ಆರ್‌ಎಕ್ಸ್‌ನ ಮೂಲ ಜೆಟ್ಟುಗಳು ಎಥನಾಲ್ ಇಲ್ಲದ ಕಾಲದವು. ಅದೂ ಮಿಶ್ರಣವನ್ನು ತೆಳುವಾಗಿಸುವ ದಿಕ್ಕಿನಲ್ಲೇ ಎಳೆಯುತ್ತದೆ. ಪೆಟ್ರೋಲಿಗೆ ಎಣ್ಣೆ ಹೆಚ್ಚು ಸುರಿದರೆ ಎಂಜಿನ್ ಉಳಿಯುತ್ತದೆಂದು ನಂಬಿದವರೂ ಇದ್ದಾರೆ. ಎಣ್ಣೆ ಹೆಚ್ಚಿದಷ್ಟು ಜೆಟ್ಟಿನಲ್ಲಿ ಹರಿಯುವ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದೂ ತೆಳು ಮಾಡುವ ಕೆಲಸವೇ. ಟ್ರ್ಯಾಕಿಗೆ ಹೋಗುವಾಗ ಮೂರ್ನಾಲ್ಕು ಅಳತೆ ದೊಡ್ಡ ಮೇನ್ ಜೆಟ್ಟುಗಳನ್ನು ಒಯ್ದು, ದೊಡ್ಡದರಿಂದ ಶುರುಮಾಡಿ ಕೆಳಗೆ ಬನ್ನಿ.

ಯೆಜ್ಡಿಯ ಮಾತು ಬಂದೇ ಬರುತ್ತದೆ, ಮೈಸೂರಿನವರಿದ್ದರೆ ಖಂಡಿತ. ಐಡಿಯಲ್ ಜಾವಾ ಕಾರ್ಖಾನೆ ನಿಂತದ್ದು 1996ರಲ್ಲಿ. 250 ಸಿಸಿ, ಎರಡು ಸೈಲೆನ್ಸರು, ಆ ಸದ್ದು, ಎಲ್ಲ ನಿಜ. ತೂಕವೂ ನಿಜ. ಹಳೆಯ ಗಾಡಿಗಳ ಮೆರವಣಿಗೆಗೆ ಇರಲಿ.

ಸ್ಪ್ಲೆಂಡರ್: ನಕ್ಕವರು ನಗಲಿ

ಸ್ಪ್ಲೆಂಡರ್ ಎಂಜಿನ್ 97.2 ಸಿಸಿ, ಮಲಗಿದ ಸಿಲಿಂಡರ್, ನಾಲ್ಕು ಗೇರು, ಎಂಟರ ಆಸುಪಾಸಿನ ಅಶ್ವಶಕ್ತಿ. ದೊಡ್ಡ ಟ್ರ್ಯಾಕಿಗೆ ಇದನ್ನು ಒಯ್ದರೆ ಎಲ್ಲರೂ ನಿಮ್ಮನ್ನು ಹಿಂದಿಕ್ಕುತ್ತಾರೆ. ಆದರೆ ಗೋ-ಕಾರ್ಟ್ ಟ್ರ್ಯಾಕಿಗೆ ಗಿಡ್ಡ ಗಾಡಿ ಕಟ್ಟುವವರಿಗೆ ಇದಕ್ಕಿಂತ ಅನುಕೂಲದ ಎಂಜಿನ್ ಇಲ್ಲ ಎಂದೇ ನನ್ನ ಅಭಿಪ್ರಾಯ. ಸಿಲಿಂಡರ್ ಮಲಗಿರುವುದರಿಂದ ಎಂಜಿನ್ನಿನ ಎತ್ತರ ಕಡಿಮೆ. ಅದರ ಮೇಲೆ ಚಾಸಿಸ್ಸಿನ ಬೆನ್ನುಮೂಳೆಯ ಪೈಪು ಆರಾಮಾಗಿ ಹಾದುಹೋಗುತ್ತದೆ, ತೂಕ ನೆಲದ ಹತ್ತಿರ ಉಳಿಯುತ್ತದೆ, ಗಾಳಿ ನೇರವಾಗಿ ಹೆಡ್ಡಿಗೆ ಬಡಿಯುತ್ತದೆ. ನನ್ನ ತಕ್ಕಡಿಯಲ್ಲಂತೂ ಇದರ ತಟ್ಟೆ ನೆಲ ಮುಟ್ಟುತ್ತದೆ: ಕ್ಲಚ್ ಪ್ಲೇಟು, ಪಿಸ್ಟನ್ ಸೆಟ್ಟು, ಗ್ಯಾಸ್ಕೆಟ್ಟು ಸಿಗದ ತಾಲ್ಲೂಕು ಕೇಂದ್ರ ಕರ್ನಾಟಕದಲ್ಲಿ ಇಲ್ಲ.

ಮಕ್ಕಳಿಗೆ ರೇಸ್ ಕಲಿಸುವ ಮಿನಿ ಜಿಪಿ ಮಾದರಿಯ ಗಾಡಿಗಳಿಗೆ 10 ಇಂಚಿನ ಚಕ್ರ. ಸ್ಕೂಟರಿನ ರಿಮ್ಮು, ಟೈರುಗಳಲ್ಲಿ ಈ ಅಳತೆ ಸುಲಭವಾಗಿ ಸಿಗುವುದರಿಂದ ಮನೆಯಲ್ಲಿ ಕಟ್ಟುವವರಿಗೂ ಅದೇ ದಾರಿ. ಸ್ವಂತ ಚಾಸಿಸ್ ಕಟ್ಟುವ ಹುಚ್ಚಿದ್ದರೆ ಆ ಹುಚ್ಚನ್ನು ಮೊದಲು ಇಲ್ಲಿ ತೀರಿಸಿಕೊಳ್ಳಿ. ಗಂಟೆಗೆ 60 ಕಿಲೋಮೀಟರಿನಲ್ಲಿ ವೆಲ್ಡಿಂಗ್ ಬಿಟ್ಟರೆ ಬೀಳುವುದೂ ಬೇರೆ, 130ರಲ್ಲಿ ಬೀಳುವುದೂ ಬೇರೆ.

ಅಪಾಚೆ ಆರ್‌ಟಿಆರ್ 200: ನಡುದಾರಿ

2016ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಆರ್ 200 4ವಿ ಬಗ್ಗೆ ಯಾರೂ ಕವಿತೆ ಬರೆಯುವುದಿಲ್ಲ. 197.75 ಸಿಸಿ, ನಾಲ್ಕು ವಾಲ್ವು, ಆಯಿಲ್ ಕೂಲಿಂಗ್, ಐದು ಗೇರು, ಸುಮಾರು 20 ಅಶ್ವಶಕ್ತಿ, ಪೈಪಿನ ಡಬಲ್ ಕ್ರೇಡಲ್ ಚಾಸಿಸ್. ತೂಕ ಹೆಚ್ಚು, ಸುಮಾರು 148 ಕೆ.ಜಿ. ಆದರೆ ಲೈಟು, ಇಂಡಿಕೇಟರು, ಹಿಂದಿನ ಸೀಟು, ಸಾರಿ ಗಾರ್ಡು, ಸ್ಟ್ಯಾಂಡುಗಳನ್ನು ಕಿತ್ತು ಪಕ್ಕಕ್ಕಿಟ್ಟರೆ ಅದರಲ್ಲಿ ಸಾಕಷ್ಟು ಇಳಿಯುತ್ತದೆ. ಕಾರ್ಬುರೇಟರ್ ಇರುವ ಹಳೆಯ ಗಾಡಿಗಳು ಸಿಗುವುದು ಮನೆಯಲ್ಲಿ ಕೆಲಸ ಮಾಡುವವರಿಗೆ ವರದಾನ. ಜೆಟ್ಟು ಬದಲಿಸಲು ಲ್ಯಾಪ್‌ಟಾಪ್ ಬೇಡ.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಟಿವಿಎಸ್‌ನ ಕಾರ್ಖಾನೆ ಪಕ್ಕದ ಹೊಸೂರಿನಲ್ಲಿದೆ. ಟಿವಿಎಸ್ ರೇಸಿಂಗ್ 1982ರಿಂದ ನಡೆದುಬಂದ ತಂಡ, ಎಲ್ಲರೂ ಒಂದೇ ಮಾದರಿಯ ಗಾಡಿ ಓಡಿಸುವ ಅಪಾಚೆಯ ಒನ್-ಮೇಕ್ ರೇಸುಗಳು ಚೆನ್ನೈ, ಕೊಯಮತ್ತೂರುಗಳಲ್ಲಿ ವರ್ಷಗಳಿಂದ ನಡೆದಿವೆ. ಹಾಗಾಗಿ ಈ ಗಾಡಿಯನ್ನು ರೇಸಿಗೆ ಹೊಂದಿಸಿ ಕೈ ಪಳಗಿದ ಮೆಕ್ಯಾನಿಕ್ಕುಗಳು ಈ ಸುತ್ತಿನಲ್ಲಿ ಸಿಗುತ್ತಾರೆ. ಯಾವ ಸ್ಪ್ರಿಂಗು, ಯಾವ ಸ್ಪ್ರಾಕೆಟ್ಟು ಎಂದು ಕೇಳಿದರೆ ಊಹೆಯ ಉತ್ತರವಲ್ಲ, ಅನುಭವದ ಉತ್ತರ ಬರುತ್ತದೆ. 165 ಸಿಸಿ ವರ್ಗ ಬೇಕೆಂದರೆ ಇದರ ತಮ್ಮ, 159.7 ಸಿಸಿಯ ಆರ್‌ಟಿಆರ್ 160 4ವಿ ಇದೆ. ಮಾಡುವ ಕೆಲಸಗಳು ಬಹುಪಾಲು ಅವೇ.

ಆರ್15: ಕಟ್ಟುವವರಿಗಿಂತ ಓಡಿಸುವವರಿಗೆ

2008ರಲ್ಲಿ ಯಮಹಾ ಆರ್15 ಬಂದಾಗ ಈ ದೇಶದಲ್ಲಿ ಸಣ್ಣ ರೇಸ್ ಬೈಕಿನ ಅರ್ಥವೇ ಬದಲಾಯಿತು. 149.8 ಸಿಸಿ, ನೀರಿನ ಕೂಲಿಂಗ್, ಫ್ಯೂಯಲ್ ಇಂಜೆಕ್ಷನ್, ಆರು ಗೇರು, ಸುಮಾರು 17 ಅಶ್ವಶಕ್ತಿ, ಜೊತೆಗೆ ಉಕ್ಕಿನ ಡೆಲ್ಟಾಬಾಕ್ಸ್ ಚಾಸಿಸ್. 65 ಕೆ.ಜಿ. ಸವಾರನನ್ನು ಕೂರಿಸಿ ಲೆಕ್ಕ ಹಾಕಿದರೆ ಮೂಲ ಆರ್‌ಎಕ್ಸ್ 100ರ ಪ್ರತಿ ಅಶ್ವಶಕ್ತಿಗೆ ಹೊರಬೇಕಾದ ಭಾರ 15 ಕೆ.ಜಿ. ಚಿಲ್ಲರೆ. 131 ಕೆ.ಜಿ. ತೂಗುವ ಮೊದಲ ಆರ್15ಕ್ಕೆ 11.5 ಕೆ.ಜಿ. ಆರ್‌ಎಕ್ಸ್‌ನ ತೆಳುವಾದ ಫೋರ್ಕು, ಡ್ರಮ್ ಬ್ರೇಕುಗಳು ಲೆಕ್ಕಕ್ಕೆ ಬರುವ ಮೊದಲೇ ಅಂತರ ಇಷ್ಟು. 2018ರ ಮೂರನೇ ಆವೃತ್ತಿಯಲ್ಲಿ ಎಂಜಿನ್ 155 ಸಿಸಿಗೆ ಏರಿತು, ಸ್ಲಿಪ್ಪರ್ ಕ್ಲಚ್ ಬಂತು. ತಿರುವಿಗೆ ಮುನ್ನ ಎರಡು ಗೇರು ಒಟ್ಟಿಗೆ ಇಳಿಸುವ ಹೊಸಬರ ಹಿಂಚಕ್ರ ಕುಪ್ಪಳಿಸದಂತೆ ಅದು ಕಾಯುತ್ತದೆ.

ಊರಿನ ಎತ್ತರ ಬದಲಾದರೆ ಸೆನ್ಸರುಗಳೇ ಪೆಟ್ರೋಲನ್ನು ಹೊಂದಿಸಿಕೊಳ್ಳುತ್ತವೆ. ಮೇಲೆ ಹೇಳಿದ ಜೆಟ್ಟಿನ ತಲೆನೋವು ಇಲ್ಲಿಲ್ಲ. ಬದಲಿಗೆ ಬೇರೆ ತಲೆನೋವಿದೆ. ಇದರ ಡಯಾಸಿಲ್ ಸಿಲಿಂಡರಿನಲ್ಲಿ ಕಬ್ಬಿಣದ ಸ್ಲೀವ್ ಇಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮೇ ಪಿಸ್ಟನ್ ಓಡುವ ಗೋಡೆ. ಅದಕ್ಕೆ ಗೀರು ಬಿದ್ದರೆ ಲೇತ್ ಅಂಗಡಿಯಲ್ಲಿ ಎಂದಿನಂತೆ ರೀಬೋರ್ ಮಾಡಿಸುವ ದಾರಿಯಿಲ್ಲ, ಸಿಲಿಂಡರ್ ಬದಲಿಸಬೇಕು. ಇಂಧನ, ಇಗ್ನಿಷನ್ ಬದಲಿಸಬೇಕೆಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೊಳ್ಳಬೇಕು ಇಲ್ಲವೇ ಮ್ಯಾಪ್ ಮಾಡಿಸಬೇಕು, ಅದಕ್ಕೆ ಬಲ ಅಳೆಯುವ ಯಂತ್ರ, ಡೈನೋ ಬೇಕು. ಶೆಡ್ಡಿನಲ್ಲಿ ಫೈಲು ಹಿಡಿದು ಮಾಡುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ.

ರೇಸ್ ಕಲಿಯಬೇಕು, ಲ್ಯಾಪ್ ಸಮಯ ಇಳಿಸಬೇಕು ಎನ್ನುವವರು ಬೇರೇನೂ ನೋಡದೆ ಬಿದ್ದು ಗೀಚಿದ, ಬಾಡಿ ಒಡೆದ ಹಳೆಯ ಆರ್15 ಕೊಳ್ಳಲಿ. ಹೇಗೂ ಆ ಪ್ಲಾಸ್ಟಿಕ್ ಕಿತ್ತು ಫೈಬರಿನ ಫೇರಿಂಗ್ ಹಾಕುವುದೇ. ಕೊಳ್ಳುವ ಮುನ್ನ ಚಾಸಿಸ್ ಬಾಗಿಲ್ಲವೆಂದು ಮಾತ್ರ ಅಳೆದು ನೋಡಿ. ಕಟ್ಟುವುದರಲ್ಲೇ ಸುಖ ಕಾಣುವವರಿಗೆ ಈ ಗಾಡಿ ಬೇಗ ಬೇಸರ ತರಿಸುತ್ತದೆ. ಕೆಟಿಎಂ 200 ಡ್ಯೂಕಿನ ಕಥೆಯೂ ಇದೇ. 25 ಅಶ್ವಶಕ್ತಿ, ಚೆಂದದ ಟ್ರೆಲಿಸ್ ಚಾಸಿಸ್, ಆದರೆ ಬಿದ್ದಾಗಿನ ಬಿಲ್ಲು ಇನ್ನೂ ದೊಡ್ಡದು.

ಚಾಸಿಸ್: ಇದ್ದದ್ದೋ, ತಿದ್ದಿದ್ದೋ, ಹೊಸದೋ

ಸ್ವಂತ ಚಾಸಿಸ್ ಕಟ್ಟುವ ಆಸೆಗೆ ನ್ಯೂಜಿಲೆಂಡಿನ ಜಾನ್ ಬ್ರಿಟನ್ ಹೆಸರನ್ನು ಸಾಕ್ಷಿಯಾಗಿ ಕರೆಯುವುದು ವಾಡಿಕೆ. ಕ್ರೈಸ್ಟ್‌ಚರ್ಚಿನಲ್ಲಿ ಕೆಲವೇ ಗೆಳೆಯರ ನೆರವಿನಿಂದ ವಿ1000 ಕಟ್ಟಿ ದೊಡ್ಡ ಕಂಪನಿಗಳಿಗೆ ಬೆವರಿಳಿಸಿದವರು ಅವರು. ಆ ಮಾದರಿಯ ಗಾಡಿಗಳು ತಯಾರಾದದ್ದು ಒಟ್ಟು ಹತ್ತು. ಸ್ಫೂರ್ತಿಗೆ ಸರಿ. ಆದರೆ ಅವರು ಎಂಜಿನಿಯರು, ಎಂಜಿನ್ನನ್ನೇ ಸ್ವತಃ ಎರಕ ಹೊಯ್ದವರು.

ಮನೆಯ ವೆಲ್ಡಿಂಗಿನಲ್ಲಿ ಏನಾಗುತ್ತದೆಂದು ಒಂದು ಅಳತೆಯಿಂದ ನೋಡೋಣ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಮುಂಚಕ್ರ ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರವೇ ಟ್ರೇಲ್. ಚಕ್ರದ ತ್ರಿಜ್ಯ 300 ಮಿ.ಮೀ., ಫೋರ್ಕಿನ ಆಫ್‌ಸೆಟ್ 35 ಮಿ.ಮೀ., ಅಕ್ಷದ ಓರೆ 24 ಡಿಗ್ರಿ ಇದ್ದರೆ ಟ್ರೇಲ್ ಸುಮಾರು 95 ಮಿ.ಮೀ. ವೆಲ್ಡಿಂಗಿನ ಕಾವಿಗೆ ಹ್ಯಾಂಡಲ್ ಕೂರುವ ಹೆಡ್ ಪೈಪು ಒಂದೇ ಒಂದು ಡಿಗ್ರಿ ಎಳೆದುಕೊಂಡರೂ ಅದು 101 ಆಗುತ್ತದೆ. ಮೂರು ಡಿಗ್ರಿ ಎಳೆದರೆ 114ರ ಹತ್ತಿರ. 95ರಲ್ಲಿ ಚಿಟಿಕೆಗೆ ತಿರುಗುವ ಗಾಡಿ 114ರಲ್ಲಿ ತಿರುವಿಗೆ ಬಗ್ಗಲು ಒಲ್ಲೆನ್ನುತ್ತದೆ. ಇನ್ನು ಹೆಡ್ ಪೈಪು ಪಕ್ಕಕ್ಕೆ ವಾಲಿದರೆ ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಓಡುವುದಿಲ್ಲ. ಪೈಪುಗಳನ್ನು ಅಲುಗದಂತೆ ಹಿಡಿಯುವ ಗಟ್ಟಿಯಾದ ಚೌಕಟ್ಟು, ಜಿಗ್ ಇಲ್ಲದೆ, ಅಡ್ಡದಿಡ್ಡಿಯಾಗಿ ಸ್ವಲ್ಪಸ್ವಲ್ಪವೇ ಟ್ಯಾಕ್ ಹಾಕುತ್ತಾ ಹೋಗದೆ, ಇದನ್ನು ತಡೆಯಲಾಗದು.

ಹಾಗಾಗಿ ಮೊದಲ ಗಾಡಿಗೆ ಕಾರ್ಖಾನೆಯ ಚಾಸಿಸ್ಸನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಬದಲಾಯಿಸುವುದಿದ್ದರೆ ಹೆಡ್ ಪೈಪಿನಿಂದ ಸ್ವಿಂಗ್‌ಆರ್ಮ್ ಪಿವಟ್‌ (ಹಿಂಚಕ್ರ ಹಿಡಿದ ತೋಳಿನ ಕೀಲು) ವರೆಗಿನ ಭಾಗವನ್ನು ಮುಟ್ಟದೆ, ಹಿಂದಿನ ಸೀಟಿನ ಪೈಪುಗಳನ್ನಷ್ಟೇ ಕೊಯ್ದು ಹಗುರ ಮಾಡಿ. ಪೈಪಿಗೆ ಗ್ಯಾಲ್ವನೈಸ್ಡ್ ನೀರಿನ ಕೊಳವೆ ಬೇಡ, ಅದರ ಸತುವಿನ ಹೊಗೆ ಜ್ವರ ತರಿಸುತ್ತದೆ. ಸೀಮ್‌ಲೆಸ್ ಉಕ್ಕಿನ ಪೈಪು ಕೇಳಿ ತನ್ನಿ.

ಚಾಸಿಸ್ ಮುಟ್ಟದೆಯೂ ಟ್ರೇಲ್ ಕೆಡಿಸಬಹುದು ಎಂಬುದನ್ನು ಆರ್‌ಎಕ್ಸ್ ಕಟ್ಟುವವರು ಮರೆಯಬಾರದು. ಅದರ 18 ಇಂಚಿನ ಚಕ್ರಕ್ಕೆ ಒಳ್ಳೆಯ ಮೃದು ರಬ್ಬರಿನ ಟೈರು ಸಿಗುವುದು ಕಷ್ಟ. ಡ್ರಮ್ ಬ್ರೇಕು ನಾಲ್ಕು ಸುತ್ತಿನಲ್ಲಿ ಕಾದು ಸೋಲುತ್ತದೆ. ಹಾಗಾಗಿ ಇನ್ನೊಂದು ಗಾಡಿಯ ಡಿಸ್ಕ್ ಬ್ರೇಕು, 17 ಇಂಚಿನ ಚಕ್ರ ಸಮೇತ ಫೋರ್ಕ್ ಪೂರ್ತಿ ತಂದು ಕೂರಿಸುತ್ತಾರೆ. ಸರಿಯಾದ ಕೆಲಸವೇ. ಆದರೆ ಫೋರ್ಕಿನ ಉದ್ದ, ಆಫ್‌ಸೆಟ್, ಚಕ್ರದ ತ್ರಿಜ್ಯ ಮೂರೂ ಬದಲಾಗಿರುತ್ತವೆ. ಮತ್ತೆ ಅಳೆಯಿರಿ. ದುಡ್ಡಿನ ವಿಷಯದಲ್ಲಿಯೂ ನನ್ನ ಹಟ ಇದೇ: ಮೊದಲು ಟೈರು, ಬ್ರೇಕು, ಶಾಕ್ ಅಬ್ಸಾರ್ಬರು. ಉಳಿದರೆ ಎಂಜಿನ್. ಹೆಲ್ಮೆಟ್ಟು, ಚರ್ಮದ ಸೂಟುಗಳ ದುಡ್ಡನ್ನು ಇದಕ್ಕೂ ಮೊದಲು ಎತ್ತಿಡಿ, ಅದು ಗಾಡಿಯ ಲೆಕ್ಕಕ್ಕೆ ಸೇರುವುದಿಲ್ಲ.

ಮನೆಯಲ್ಲಿ ಎಷ್ಟು, ಹೊರಗೆ ಎಷ್ಟು

ಕ್ರ್ಯಾಂಕ್ ಒತ್ತಿ ಬಿಚ್ಚಿ ಕೂಡಿಸುವುದು, ಬೋರಿಂಗ್, ಹೋನಿಂಗ್, ಅಲ್ಯೂಮಿನಿಯಂ ವೆಲ್ಡಿಂಗ್ – ಇಷ್ಟು ಹೊರಗೆ ಕೊಡಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಬಳಿ ಇರುವವರಿಗೆ ಇದು ಕಷ್ಟವೇ ಅಲ್ಲ. ಕ್ರ್ಯಾಂಕ್ ಮರಳಿ ಬಂದಾಗ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ನೀವೇ ನೋಡಿ. ಓಲಾಟ 0.03 ಮಿ.ಮೀ. ಮೀರಿದ್ದರೆ ಮುಲಾಜಿಲ್ಲದೆ ವಾಪಸ್ ಒಯ್ಯಿರಿ.

ಮಿಕ್ಕದ್ದೆಲ್ಲ ಶೆಡ್ಡಿನಲ್ಲಿ ಆಗುತ್ತದೆ. ಬೆಂಚ್ ವೈಸು, ಡ್ರಿಲ್ಲು, ಗ್ರೈಂಡರು, ವರ್ನಿಯರು, ಫೀಲರ್ ಗೇಜು, ಟಾರ್ಕ್ ರೆಂಚು. ಕ್ರ್ಯಾಂಕ್ ತಿರುಗಿದ ಕೋನ ಅಳೆಯುವ ಡಿಗ್ರಿ ವೀಲನ್ನು ಕಾಗದದ ಮೇಲೆ ಮುದ್ರಿಸಿ ಹಳೆಯ ಸಿಡಿಗೆ ಅಂಟಿಸಿದರೂ ನಡೆಯುತ್ತದೆ. ಟೂ ಸ್ಟ್ರೋಕ್ ಕಟ್ಟುವವರಿಗೆ ಒಂದು ಪರೀಕ್ಷೆ ಕಡ್ಡಾಯ: ಎಕ್ಸಾಸ್ಟು, ಇನ್‌ಟೇಕುಗಳನ್ನು ರಬ್ಬರಿನಿಂದ ಮುಚ್ಚಿ, ಬಿ.ಪಿ. ನೋಡುವ ಹಳೆಯ ಉಪಕರಣದ ಬುರುಡೆಯಿಂದ ಕ್ರ್ಯಾಂಕ್‌ಕೇಸಿಗೆ ಗಾಳಿ ತುಂಬಿ. ಮುಳ್ಳು 300ಕ್ಕೆ ಏರಿದ ಮೇಲೆ ಐದಾರು ನಿಮಿಷ ಅಲ್ಲೇ ನಿಂತಿರಬೇಕು. ಇಳಿಯುತ್ತಿದ್ದರೆ ಸೀಲುಗಳ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಹಾಗೆ ಸೋರುವ ಎಂಜಿನ್ ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು ತಾನಾಗಿ ತೆಳುವಾಗಿ ಸೀಜ್ ಆಗುತ್ತದೆ, ನೀವು ಮಾತ್ರ ಜೆಟ್ಟನ್ನು ಬೈಯುತ್ತಿರುತ್ತೀರಿ.

ಶೆಡ್ಡಿನ ಅಪಾಯಗಳಲ್ಲಿ ಬೆಂಕಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ಒಣಗುವ ಮುನ್ನ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ಜೀವ ತೆಗೆಯುವ ಅನಿಲ ಹುಟ್ಟಬಹುದು. ವೆಲ್ಡಿಂಗಿಗೆ ಮುನ್ನ ಒರೆಸಲು ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲಷ್ಟೇ ಕಿಡಿ ಹಾರಿಸಿ, ಬಾಗಿಲು ತೆರೆದಿಡಿ.

ಪರೀಕ್ಷೆಗೆ ನಿಲ್ಲುವ ಮುನ್ನ

ಯಾವ ಗಾಡಿಯನ್ನೇ ಆರಿಸಿ, ಟ್ರ್ಯಾಕಿನ ತಾಂತ್ರಿಕ ಪರೀಕ್ಷಕರು ನೋಡುವುದು ಅದೇ ಕೆಲವು ಸಂಗತಿಗಳನ್ನು. ಗಾಜಿನ ಲೈಟು, ಕನ್ನಡಿ, ಸ್ಟ್ಯಾಂಡು ಇರಬಾರದು. ಎಂಜಿನ್ ಆಯಿಲ್ ಡ್ರೈನ್ ಬೋಲ್ಟಿನ ತಲೆಗೆ ರಂಧ್ರ ಕೊರೆದು ಸ್ಟೇನ್‌ಲೆಸ್ ತಂತಿಯಿಂದ ಬಿಗಿದಿರಬೇಕು, ತಂತಿ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುತ್ತಿರಬೇಕು. ನೀರಿನ ಕೂಲಿಂಗಿನ ಗಾಡಿಯಾದರೆ ರೇಡಿಯೇಟರಿನಲ್ಲಿ ಬರೀ ನೀರು, ಏಕೆಂದರೆ ಕೂಲಂಟ್ ಚೆಲ್ಲಿದ ಜಾಗದಲ್ಲಿ ಹಿಂದೆ ಬರುವವರು ಜಾರಿ ಬೀಳುತ್ತಾರೆ. ಫೋರ್ ಸ್ಟ್ರೋಕಿನ ಕೆಳಗಿನ ಫೇರಿಂಗಿನಲ್ಲಿ ಸೋರಿದ ಎಣ್ಣೆ ನಿಲ್ಲುವಂತೆ ತಳವಿರಬೇಕು. ಹಿಂದಿನ ಸ್ಪ್ರಾಕೆಟ್ಟಿನ ಬಳಿ ಚೈನಿಗೆ ಬೆರಳು ಸಿಗದಂತೆ ತಡೆ, ಕೆಲಸ ಮಾಡುವ ಕಿಲ್ ಸ್ವಿಚ್ಚು, ಹ್ಯಾಂಡಲಿನ ತುದಿಗಳಿಗೆ ಮುಚ್ಚಳ. ಥ್ರಾಟಲ್ ಕೈಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳದಿದ್ದರೆ ಗಾಡಿ ಅಲ್ಲಿಂದಲೇ ವಾಪಸ್. ಫೋರ್ಕಿಗೆ ನೇರವಾಗಿ ಬಿಗಿಯುವ ಗಿಡ್ಡ ಹ್ಯಾಂಡಲು, ಕ್ಲಿಪ್-ಆನ್ ಹಾಕಿದ ಮೇಲೆ ಹ್ಯಾಂಡಲನ್ನು ಎಡತುದಿಗೂ ಬಲತುದಿಗೂ ತಿರುಗಿಸಿ ಎಂಜಿನ್ನಿನ ಸದ್ದು ಕೇಳಿ ನೋಡಿ. ಸುತ್ತು ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ, ಅದನ್ನು ಟ್ಯಾಂಕಿನ ಕೆಳಗೆ ಬೇರೆ ದಾರಿಯಲ್ಲಿ ಹಾಯಿಸಿ.